ಗುಳೆ ಹೋದವರು, ಗೊಬ್ಬರಕ್ಕೆ ನಿಂತವರು

ಮುಂಗಾರು ಶುರುವಾದರೆ ಸಾಕು, ಟಿವಿಯಲ್ಲಿ ಅದೇ ದೃಶ್ಯ. ಸೊಸೈಟಿ ಮುಂದೆ ಯೂರಿಯಾಕ್ಕೆ ಕ್ಯೂ, ನೂಕುನುಗ್ಗಲು. ರೈತರು ಬೇಕಾಬಿಟ್ಟಿ ಯೂರಿಯಾ ಸುರೀತಾರೆ ಅಂತ ತಜ್ಞರು ಬೈತಾರೆ. ಯಾಕೆ ಸುರೀತಾರೆ ಅಂತ ಕೇಳೋರು ಕಡಿಮೆ. ಉತ್ತರದ ಒಂದು ತುದಿ ರಾಯಚೂರು, ಯಾದಗಿರಿ, ಕಲಬುರಗಿಯ ಹಳ್ಳಿಗಳಲ್ಲಿದೆ. ಇನ್ನೊಂದು ತುದಿ ಬೆಂಗಳೂರಿನ ಕಟ್ಟಡ ಕಾಮಗಾರಿಗಳಲ್ಲಿದೆ.

ಗುಳೆಗೂ ಗೊಬ್ಬರಕ್ಕೂ ಏನು ಸಂಬಂಧ ಅಂತೀರಾ? ನೀವೇ ಲೆಕ್ಕ ಹಾಕಿ. ಯೂರಿಯಾದಲ್ಲಿ ಶೇ. 46ರಷ್ಟು ಸಾರಜನಕ. 45 ಕೆಜಿ ಚೀಲದಲ್ಲಿ ಸುಮಾರು 20 ಕೆಜಿ ಆಯ್ತು. ಅಷ್ಟನ್ನೇ ತಿಪ್ಪೆಗೊಬ್ಬರದಿಂದ ಪಡೆಯಬೇಕಾದರೆ ಹೆಚ್ಚುಕಡಿಮೆ 4 ಟನ್ ಬೇಕು. ಅದಕ್ಕೆ ದನ ಕಟ್ಟಬೇಕು, ಸಗಣಿ ಬಾಚಬೇಕು, ಗಾಡಿಗೆ ಹೇರಬೇಕು, ಹೊಲದ ತುಂಬಾ ಹರಡಬೇಕು. ಚೀಲವಾದರೆ ಒಬ್ಬನೇ ಎರಚಿ ಮನೆಗೆ ಬರಬಹುದು.

ಇನ್ನೊಂದು ವಿಚಾರ ನೋಡಿ. ತಿಪ್ಪೆಗೊಬ್ಬರ ಹೊಲಕ್ಕೆ ಹೇರೋದು ಬೇಸಿಗೆಯಲ್ಲಿ, ಮಳೆಗೆ ಮೊದಲು. ಜನ ಗುಳೆ ಹೋಗೋದೂ ಅದೇ ಬೇಸಿಗೆಯಲ್ಲಿ! ಮನೆಯಲ್ಲಿ ಉಳಿದ ವಯಸ್ಸಾದವರ ಕೈಲಿ ಎತ್ತು ಸಾಕೋಕೆ ಆಗಲ್ಲ. ಎತ್ತು ಸಂತೆಗೆ ಹೋಗುತ್ತೆ, ಅದರ ಹಿಂದೆಯೇ ತಿಪ್ಪೆಯೂ ಕರಗುತ್ತೆ.

ಆಮೇಲೆ ಉಳಿಯೋದು ಚೀಲವೊಂದೇ. ತೆರಿಗೆ, ಬೇವಿನ ಲೇಪನದ ಖರ್ಚು ಬಿಟ್ಟರೆ ಅದರ ಬೆಲೆ 242 ರೂಪಾಯಿ. 2024-25ರಲ್ಲಿ ನಮ್ಮ ರಾಜ್ಯದ ನರೇಗಾ ದಿನಗೂಲಿ 349 ರೂಪಾಯಿ. ಒಂದು ಆಳಿನ ಒಂದು ದಿನಕ್ಕಿಂತ ಒಂದು ಚೀಲ ಅಗ್ಗ! 2010ರಲ್ಲಿ ಡಿಎಪಿ, ಪೊಟ್ಯಾಷ್ ಬೆಲೆಯ ಹಿಡಿತ ಸಡಿಲಿಸಿದ ಕೇಂದ್ರ ಸರ್ಕಾರ ಯೂರಿಯಾ ತಂಟೆಗೆ ಹೋಗಲಿಲ್ಲ. ರೈತ ಅಗ್ಗದ ಕಡೆಗೆ ವಾಲಿದ್ದು ಸಹಜವೇ.

ಆದರೆ ನಷ್ಟವೂ ಅವನದೇ. ಯೂರಿಯಾವನ್ನು ಎರಡು ಮೂರು ಕಂತಿನಲ್ಲಿ ಕೊಡಬೇಕು. ಆಳಿಲ್ಲದಿದ್ದರೆ ಒಂದೇ ಸಲ ಎರಚಿಬಿಡ್ತಾರೆ. ಬೆಳೆ ಹೀರಿದ್ದು ಬಿಟ್ಟು ಉಳಿದದ್ದು ಗಾಳಿಗೆ, ಮಳೆನೀರಿಗೆ. ಕಳೆ ಕೀಳೋರಿಲ್ಲದೆ ಗೊಬ್ಬರದ ಪಾಲು ಕಳೆಗೂ ಸೇರುತ್ತೆ, ಅದಕ್ಕೆ ಮತ್ತೆ ಕಳೆನಾಶಕದ ಖರ್ಚು. ಮಣ್ಣಿಗೆ ಸಾವಯವ ಅಂಶ ಸೇರಿಸಿ, ತೇವ ಹಿಡಿಯುವ ಶಕ್ತಿ ಕೊಡ್ತಿದ್ದದ್ದು ತಿಪ್ಪೆಗೊಬ್ಬರ. ಮಳೆಯನ್ನೇ ನಂಬಿದ ಹೊಲಕ್ಕೆ ಅದಕ್ಕಿಂತ ದೊಡ್ಡ ಆಸ್ತಿ ಯಾವುದಿದೆ?

ದುಡಿಮೆ ಹುಡುಕಿ ಹೋದವರನ್ನು ದೂರಬೇಡಿ, ಹೊಟ್ಟೆಪಾಡು ಸ್ವಾಮಿ. ಕೇಳಬೇಕಾದ್ದು ಸರ್ಕಾರವನ್ನು. ಚೀಲಕ್ಕೆ ಸಬ್ಸಿಡಿ ಕೊಡ್ತೀರಿ, ತಿಪ್ಪೆ ತುಂಬಿಸಿ ಹೊಲಕ್ಕೆ ಹೇರುವ ರಟ್ಟೆಗೆ ಏನು ಕೊಡ್ತೀರಿ? ಆ ಕೆಲಸಕ್ಕೆ ಬೇಸಿಗೆಯಲ್ಲಿ ಊರಲ್ಲೇ ಕೂಲಿ ಸಿಕ್ಕರೆ ಒಂದಿಷ್ಟು ಜನವಾದರೂ ಬಸ್ಸು ಹತ್ತಲಾರರು. ಸೊಸೈಟಿ ಮುಂದಿನ ಕ್ಯೂ ಕೂಡ ಒಂದಿಷ್ಟು ಕರಗೀತು.