ಮನೆಯ ಗಣಕಯಂತ್ರವೂ ಸಂಗೀತ ಶ್ರವಣವೂ

ನಮ್ಮ ಹಿರಿಯರ ಕಾಲದಲ್ಲಿ ಮನೆಯೊಳಗಿನ ಸಂಗೀತವೆಂದರೆ ಗ್ರಾಮಫೋನು ತಟ್ಟೆ ಮತ್ತು ರೇಡಿಯೋ. ನಮ್ಮ ಕಾಲದಲ್ಲಿ ಮೊದಲು ಕ್ಯಾಸೆಟ್ಟು, ಅನಂತರ 1982ರಲ್ಲಿ ಜಪಾನಿನ ಮಾರುಕಟ್ಟೆಯಲ್ಲಿ ಕಾಣಿಸಿಕೊಂಡು ಲೋಕಕ್ಕೆಲ್ಲ ಹರಡಿದ ಸಿ.ಡಿ. ಊರು ಬಿಟ್ಟು ಮುಂಬಯಿಯಲ್ಲಿ ನೆಲೆಸಿದ ನಮ್ಮಂಥವರ ಮನೆಗಳಲ್ಲಿ ಮಲ್ಲಿಕಾರ್ಜುನ ಮನಸೂರರ, ಭೀಮಸೇನ ಜೋಶಿಯವರ ಗಾಯನವೂ ದಾಸರ ಪದಗಳೂ ಭಾವಗೀತೆಗಳೂ ಕಪಾಟಿನ ಒಂದು ಅಂಕಣವನ್ನಾದರೂ ಆಕ್ರಮಿಸಿಕೊಂಡಿರುತ್ತವೆ. ಆದರೆ ಅವನ್ನು ನುಡಿಸುವ ಯಂತ್ರಗಳು ಇಂದು ಅಂಗಡಿಗಳಲ್ಲಿ ವಿರಳವಾಗಿವೆ; ಇದ್ದ ಯಂತ್ರ ಕೆಟ್ಟರೆ ದುರಸ್ತಿ ಮಾಡುವವರು ಇನ್ನೂ ವಿರಳ. ಹೀಗಿರುವಾಗ, ಮನೆಯಲ್ಲಿಯೇ ಇರುವ ಗಣಕಯಂತ್ರವನ್ನು ಹೈಫೈ ಉಪಕರಣಕ್ಕೆ ಜೋಡಿಸಿದರೆ ಸಂಗೀತವು ಸಿ.ಡಿ.ಯಷ್ಟೇ ಶುದ್ಧವಾಗಿ ಬರಬಲ್ಲದೇ ಎಂದು ಹಲವು ಮಿತ್ರರು ಕೇಳುತ್ತಾರೆ. ನಿಶ್ಚಯವಾಗಿಯೂ ಬರಬಲ್ಲದು. ಆದರೆ ಅದು ಯಾವ ಹಂತದಲ್ಲಿ ಕೆಡುತ್ತದೆ, ಯಾವ ಹಂತದಲ್ಲಿ ಕೆಡುವುದಿಲ್ಲ ಎಂಬುದನ್ನು ಅರಿತಿರಬೇಕು. ಅರಿಯದೆ ನಾನು ಅನುಭವಿಸಿದ ನಷ್ಟವನ್ನು ಮುಂದೆ ನಿವೇದಿಸುತ್ತೇನೆ.

ಸಿ.ಡಿ.ಯ ಮೇಲೆ ನಾದವು ಸಂಖ್ಯೆಗಳ ರೂಪದಲ್ಲಿ ಅಡಗಿರುತ್ತದೆ. ಧ್ವನಿತರಂಗದ ಎತ್ತರವನ್ನು ಸೆಕೆಂಡಿಗೆ 44,100 ಬಾರಿ, ಎಡಬಲಗಳೆರಡಕ್ಕೂ ಪ್ರತ್ಯೇಕವಾಗಿ, ಅಳೆದು ಬರೆದಿರುತ್ತಾರೆ. ಪ್ರತಿಯೊಂದು ಅಳತೆಗೂ 16 ಬಿಟ್‌ಗಳ, ಅಂದರೆ 65,536 ಮಟ್ಟಗಳ, ಸೂಕ್ಷ್ಮತೆ ಇರುತ್ತದೆ. ಮನುಷ್ಯನ ಕಿವಿ ಹೆಚ್ಚೆಂದರೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ ಗ್ರಹಿಸಬಲ್ಲದು. ಗ್ರಹಿಸಬೇಕಾದ ಅತ್ಯಧಿಕ ಕಂಪನಸಂಖ್ಯೆಯ ಇಮ್ಮಡಿಗಿಂತ ಹೆಚ್ಚು ಬಾರಿ ಅಳೆದರೆ ಆ ತರಂಗವನ್ನು ಪೂರ್ಣವಾಗಿ ಪುನಃ ರಚಿಸಬಹುದೆಂದು ಗಣಿತವು ಸಿದ್ಧಪಡಿಸಿದೆ. ಅಳತೆ ಅಳತೆಗಳ ನಡುವೆ ಸಂಗೀತ ಸೋರಿಹೋಗುತ್ತದೆ, ತರಂಗವು ಮೆಟ್ಟಿಲು ಮೆಟ್ಟಿಲಾಗಿ ಹೊರಬರುತ್ತದೆ ಎಂಬ ಮಾತು ಬಹುಕಾಲದಿಂದ ಪ್ರಚಾರದಲ್ಲಿದ್ದರೂ ನಿಜವಲ್ಲ.

ಗಣಕಯಂತ್ರದ ಕೆಲಸವು ಈ ಸಂಖ್ಯೆಗಳನ್ನು ಕ್ರಮ ತಪ್ಪದೆ ಒಪ್ಪಿಸುವುದಷ್ಟೇ. ಬ್ಯಾಂಕಿನ ಲೆಕ್ಕವನ್ನು ಪೈಸೆ ತಪ್ಪದಂತೆ ಇಡುವ ಯಂತ್ರಕ್ಕೆ ಇದೇನೂ ಕಠಿಣವಲ್ಲ. ಆದ್ದರಿಂದ ಸಾವಿರಾರು ರೂಪಾಯಿ ಬೆಲೆಯ ಯು.ಎಸ್.ಬಿ. ತಂತಿಯಿಂದ ಗಾಯಕನ ಕಂಠವು ಮಧುರವಾಗುತ್ತದೆಂಬ ಜಾಹೀರಾತುಗಳನ್ನು ನಾನಂತೂ ನಂಬುವುದಿಲ್ಲ. ಸಂಖ್ಯೆಗಳನ್ನು ವಿದ್ಯುತ್ತರಂಗವಾಗಿ ಮಾರ್ಪಡಿಸುವ 'ಡ್ಯಾಕ್' ಎಂಬ ಪರಿವರ್ತಕವೇ ಇಲ್ಲಿ ಗಮನಿಸಬೇಕಾದ ಅಂಗ. ಗಣಕಯಂತ್ರದ ಒಡಲಲ್ಲಿಯೂ ಒಂದು ಪರಿವರ್ತಕವಿರುತ್ತದೆ. ಆದರೆ ಸುತ್ತಲಿನ ವಿದ್ಯುತ್ ಗದ್ದಲದ ನಡುವೆ ಕುಳಿತಿರುವುದರಿಂದ ಕೆಲವು ಯಂತ್ರಗಳಲ್ಲಿ ಸಣ್ಣ ಸದ್ದುಗಳು ಸಂಗೀತದೊಡನೆ ಬೆರೆಯುತ್ತವೆ. ಯು.ಎಸ್.ಬಿ. ಮೂಲಕ ಹೊರಗಿನಿಂದ ಜೋಡಿಸುವ ಪುಟ್ಟ ಪೆಟ್ಟಿಗೆಯೊಂದು ಈ ತೊಂದರೆಯನ್ನು ನೀಗುತ್ತದೆ. ಕೆಲವು ಸಾವಿರ ರೂಪಾಯಿಗಳ ಸಾಧಾರಣ ಡ್ಯಾಕ್ ಸಾಕು. ಮಿಕ್ಕ ಹಣವನ್ನು ಸ್ಪೀಕರುಗಳಿಗೆ ವ್ಯಯಿಸುವುದು ವಿವೇಕ. ಡ್ಯಾಕಿನ ತಂತಿಗಳನ್ನು ಆಂಪ್ಲಿಫೈಯರಿನ 'ಸಿ.ಡಿ.' ಅಥವಾ 'ಆಕ್ಸ್' ಎಂಬ ರಂಧ್ರಗಳಿಗೆ ಸೇರಿಸಬೇಕು. 'ಫೋನೋ' ಎಂಬುದು ಗ್ರಾಮಫೋನು ತಟ್ಟೆಗೆ ಮೀಸಲಾದದ್ದು, ಅದಕ್ಕೆ ಸೇರಿಸಿದರೆ ಕರ್ಕಶ ಧ್ವನಿಯೇ ಫಲ.

ಇನ್ನು ನನ್ನ ನಷ್ಟದ ಕಥೆ. ಹಲವು ವರ್ಷಗಳ ಹಿಂದೆ ಮನೆ ಬದಲಾಯಿಸುವಾಗ ಸ್ಥಳದ ಅಭಾವದಿಂದ ಸುಮಾರು ಇನ್ನೂರು ಸಿ.ಡಿ.ಗಳನ್ನು ಗಣಕಯಂತ್ರಕ್ಕೆ ಇಳಿಸಿಕೊಂಡು, ಮೂಲಗಳನ್ನು ಹಂಚಿಬಿಟ್ಟೆ. ಇಳಿಸಿದ್ದು 128 ಕಿಲೋಬಿಟ್‌ಗಳ ಎಂ.ಪಿ.3 ರೂಪದಲ್ಲಿ. ಸಿ.ಡಿ.ಯಲ್ಲಿ ಸೆಕೆಂಡಿಗೆ 1,411 ಕಿಲೋಬಿಟ್‌ಗಳಷ್ಟು ಮಾಹಿತಿ ಇರುತ್ತದೆ. ಎಂದರೆ ನಾನು ಉಳಿಸಿಕೊಂಡದ್ದು ಹನ್ನೊಂದರಲ್ಲಿ ಒಂದು ಪಾಲು. ಕಿವಿ ಗಮನಿಸಲಾರದೆಂದು ಎಣಿಸಿದ ಅಂಶಗಳನ್ನು ಎಂ.ಪಿ.3 ಬಿಟ್ಟುಬಿಡುತ್ತದೆ. ಹೆಚ್ಚಿನ ದರದಲ್ಲಿ ಇಳಿಸಿದ್ದರೆ ಪ್ರಾಯಶಃ ನನಗೆ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ. ಆದರೆ ಆ ಕೆಳದರದಲ್ಲಿ ತಂಬೂರಿಯ ಜವಾರಿ ನೀರಿನೊಳಗಿನಿಂದ ಬಂದಂತೆ ಕಲಕಿ ಕೇಳುತ್ತಿತ್ತು. ಅಗ್ಗದ ಸ್ಪೀಕರುಗಳಿದ್ದಷ್ಟು ಕಾಲ ಅದು ತಿಳಿಯಲೇ ಇಲ್ಲ. ಒಳ್ಳೆಯ ಸ್ಪೀಕರುಗಳು ಬಂದ ದಿನವೇ ದೋಷ ಪ್ರಕಟವಾಯಿತು. ಬಿಟ್ಟುಹೋದದ್ದನ್ನು ಮರಳಿ ಸೇರಿಸುವ ಉಪಾಯವಿಲ್ಲ. ಹಿಂಡಿದ ಕಬ್ಬಿನ ಸಿಪ್ಪೆಗೆ ರಸ ಮರಳೀತೇ! ಅವುಗಳಲ್ಲಿ ಕೆಲವು ಧ್ವನಿಮುದ್ರಿಕೆಗಳು ನನಗೆ ಮತ್ತೆ ದೊರೆತಿಲ್ಲ.

ಸಿ.ಡಿ.ಗಳನ್ನು ಇಳಿಸಿಕೊಳ್ಳಲು 'ಫ್ಲ್ಯಾಕ್' ಎಂಬ ಉಚಿತ ವಿಧಾನ 2001ರಿಂದಲೂ ಲಭ್ಯವಿದೆ. ಇದು ಬಟ್ಟೆಯನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟಂತೆ: ಸ್ಥಳ ಕಡಿಮೆಯಾಗುತ್ತದೆ, ಒಂದು ನೂಲೂ ಹೋಗುವುದಿಲ್ಲ. ಒಂದು ಗಂಟೆಯ ಸಿ.ಡಿ. ಮೂಲದಲ್ಲಿ ಸುಮಾರು 635 ಮೆಗಾಬೈಟ್ ಇದ್ದರೆ ಫ್ಲ್ಯಾಕಿನಲ್ಲಿ ಸಾಮಾನ್ಯವಾಗಿ ಅದರ ಅರ್ಧದಿಂದ ಮುಕ್ಕಾಲರೊಳಗೆ ಇಳಿಯುತ್ತದೆ. ಈಗಿನ ಗಣಕಯಂತ್ರಗಳಲ್ಲಿ ಸಿ.ಡಿ. ಇಡುವ ತಟ್ಟೆಯೇ ಇಲ್ಲದಿದ್ದರೆ ಹೊರಗಿನಿಂದ ಜೋಡಿಸುವಂಥದು ಸಿಗುತ್ತದೆ. ನಮ್ಮ ಸಂಗೀತಕ್ಕೆ ಇದರಿಂದ ಇನ್ನೊಂದು ಪ್ರಯೋಜನವೂ ಉಂಟು. ವಿಲಂಬಿತ ಖ್ಯಾಲು ಮುಗಿದು ದ್ರುತ್ ಆರಂಭವಾಗುವಲ್ಲಿ ಸಿ.ಡಿ.ಗಳು ಬಹಳಷ್ಟು ಸಲ ಹೊಸ ಭಾಗವನ್ನು ಗುರುತಿಸಿರುತ್ತವೆ. ಎಂ.ಪಿ.3ರಲ್ಲಿ ಅಲ್ಲಿ ಕ್ಷಣಮಾತ್ರ ಮೌನ ತೂರಿಕೊಂಡು ತಬಲೆಯ ಲಯವೇ ಮುಗ್ಗರಿಸುವುದುಂಟು. ಫ್ಲ್ಯಾಕಿನಲ್ಲಿ, ನುಡಿಸುವ ತಂತ್ರಾಂಶ ಸರಿಯಾಗಿದ್ದರೆ, ಈ ಅಪಚಾರ ಸಂಭವಿಸದು.

ಹೆಸರು ಬರೆಯುವ ವಿಷಯದಲ್ಲಿ ಮಾತ್ರ ಶ್ರಮ ತಪ್ಪದು. ಪಾಶ್ಚಾತ್ಯರು ರೂಪಿಸಿದ ಈ ವ್ಯವಸ್ಥೆಯಲ್ಲಿ ಗಾಯಕ, ಆಲ್ಬಮ್, ಹಾಡು ಎಂಬ ಅಂಕಣಗಳಿರುತ್ತವೆಯೇ ಹೊರತು ರಾಗ, ತಾಳ, ಘರಾಣೆಗಳಿಗೆ ಸ್ಥಾನವಿಲ್ಲ. ಫ್ಲ್ಯಾಕಿನಲ್ಲಿ ನಮಗೆ ಬೇಕಾದ ಅಂಕಣವನ್ನು ನಾವೇ ಸೇರಿಸಬಹುದು, ಕನ್ನಡ ಲಿಪಿಯಲ್ಲಿಯೇ ಬರೆಯಬಹುದು. ನಾನು ಒಂದು ಮಳೆಗಾಲವನ್ನೆಲ್ಲ ಇದಕ್ಕೆ ಮೀಸಲಿಟ್ಟೆ. ಈಗ 'ಯಮನ್' ಎಂದು ಕೇಳಿದರೆ ಒಂಬತ್ತು ಜನರ ಯಮನ್ ಸಾಲಾಗಿ ನಿಲ್ಲುತ್ತದೆ. ಮನೆಯಾಕೆ ಇದನ್ನು ಹುಚ್ಚೆಂದರೂ ಹುಡುಕುವಾಗ ಅವಳೇ ಮುಂದು!

ಗಣಕಯಂತ್ರವು ತಾನಾಗಿ ಮಾಡುವ ಎರಡು ಹಸ್ತಕ್ಷೇಪಗಳಿವೆ. ಎಲ್ಲ ಕಡೆಯಿಂದ ಬರುವ ಧ್ವನಿಗಳನ್ನು ಒಂದೇ ಪಾತ್ರೆಯಲ್ಲಿ ಕಲಸುವುದಕ್ಕಾಗಿ ಅದು 44,100ರ ಸಂಗೀತವನ್ನು 48,000ಕ್ಕೆ ಮರುಲೆಕ್ಕ ಹಾಕುವುದುಂಟು. ಪತ್ರ ಬಂದಾಗ ಟಿಣ್ ಎನ್ನುವ ಸದ್ದೂ ಅದೇ ಪಾತ್ರೆಯಿಂದ ಬಂದು ಆಲಾಪದ ನಡುವೆ ಬೀಳುತ್ತದೆ. ನುಡಿಸುವ ತಂತ್ರಾಂಶದಲ್ಲಿ ಡ್ಯಾಕನ್ನು ಸಂಗೀತಕ್ಕೆ ಮಾತ್ರ ಮೀಸಲಿಡುವ ಆಯ್ಕೆಯಿದ್ದರೆ ಎರಡೂ ತಪ್ಪುತ್ತವೆ. ಎರಡನೆಯದು ಧ್ವನಿಯ ಮಟ್ಟ. ಪರದೆಯ ಮೇಲೆ ಧ್ವನಿಯನ್ನು ಇಳಿಸಿದರೆ ಪ್ರತಿ 6 ಡೆಸಿಬಲ್ಲಿಗೆ ಸುಮಾರು ಒಂದು ಬಿಟ್ಟಿನಷ್ಟು ಸೂಕ್ಷ್ಮತೆ ಕುಗ್ಗುತ್ತದೆ. ಆದಕಾರಣ ಪರದೆಯ ಮೇಲೆ ಪೂರ್ಣಮಟ್ಟವಿಟ್ಟು ಆಂಪ್ಲಿಫೈಯರಿನ ಗುಂಡಿಯಿಂದಲೇ ಏರಿಳಿಸುವುದು ಲೇಸು. ಮೊದಲ ಸಲ ಜೋಡಿಸುವಾಗ ಆ ಗುಂಡಿಯನ್ನು ಪೂರ್ತಿ ತಗ್ಗಿಸಿರಲು ಮರೆಯಬೇಡಿ.

ಜೋಡಿಸಿದೊಡನೆ 'ಗುಂಯ್' ಎಂಬ ನಾದ ಕೇಳಿದರೆ ಗಾಬರಿ ಬೇಡ. ಗಣಕಯಂತ್ರ ಮತ್ತು ಆಂಪ್ಲಿಫೈಯರುಗಳ ಭೂಸಂಪರ್ಕದ ತಂತಿಗಳು ಒಂದು ಸುತ್ತನ್ನು ರಚಿಸಿಕೊಂಡಾಗ ಹೀಗಾಗುತ್ತದೆ. ಎರಡನ್ನೂ ಒಂದೇ ಪ್ಲಗ್ ಹಲಗೆಗೆ ಸೇರಿಸಿ ನೋಡಬಹುದು. ಅಥವಾ ಅನುಕೂಲವಿದ್ದರೆ ಬೆಳಕಿನ ಮೂಲಕ ಸಂಖ್ಯೆಗಳನ್ನು ಒಯ್ಯುವ ಆಪ್ಟಿಕಲ್ ತಂತಿಯನ್ನು ಬಳಸಬಹುದು. ಭೂಸಂಪರ್ಕದ ಕಡ್ಡಿಯನ್ನು ಕಿತ್ತುಹಾಕುವ ಸಾಹಸ ಮಾತ್ರ ಪ್ರಾಣಕ್ಕೆ ಅಪಾಯಕರ.

ಶುದ್ಧವಾದ ಧ್ವನಿಯಲ್ಲಿ ಒಂದು ಮೋಸವಿದೆ: ಕರ್ಕಶತೆ ಇಲ್ಲದ ಕಾರಣ ಮಟ್ಟ ಏರಿದ್ದು ಕೇಳುವವನಿಗೆ ತಿಳಿಯುವುದಿಲ್ಲ. ವಯಸ್ಕರಿಗೆ ವಾರದಲ್ಲಿ 40 ಗಂಟೆಗಳ ಕಾಲ 80 ಡೆಸಿಬಲ್ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ ಮಿತಿ. 3 ಡೆಸಿಬಲ್ ಏರಿದರೆ ಅವಧಿಯನ್ನು ಅರ್ಧಕ್ಕಿಳಿಸಬೇಕು. ಒಳಗಿವಿಯ ರೋಮಕೋಶಗಳು ಒಮ್ಮೆ ನಾಶವಾದರೆ ಮನುಷ್ಯನಲ್ಲಿ ಪುನಃ ಹುಟ್ಟುವುದಿಲ್ಲ. ಡ್ಯಾಕಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ರಾತ್ರಿಯಿಡೀ ಕೇಳುವ ತರುಣರು ಇದನ್ನು ವಿಶೇಷವಾಗಿ ಗಮನಿಸಬೇಕು.

ಕಟ್ಟಕಡೆಗೆ, ಗಣಕದ ಡಿಸ್ಕು ಮುನ್ಸೂಚನೆಯಿಲ್ಲದೆ ಕೆಡುವ ವಸ್ತು. ಕೆಟ್ಟಾಗ ಒಂದು ಸಿ.ಡಿ. ಹೋಗುವುದಿಲ್ಲ, ಇಡೀ ಕಪಾಟೇ ಹೋಗುತ್ತದೆ. ನನ್ನ ಸಂಗ್ರಹದ ಎರಡನೆಯ ಪ್ರತಿ ಮನೆಯ ಕಪಾಟಿನಲ್ಲಿಯೇ ಬೇರೊಂದು ಡಿಸ್ಕಿನಲ್ಲಿದೆ, ಮೂರನೆಯದು ಪುಣೆಯಲ್ಲಿರುವ ಮಗಳ ಮನೆಯಲ್ಲಿ. ದೀಪಾವಳಿಗೆ ಹೋದಾಗಲೆಲ್ಲ ಆ ವರ್ಷ ಸೇರಿದ್ದನ್ನು ಅದಕ್ಕೆ ಸೇರಿಸಿ ಬರುತ್ತೇನೆ. ಈ ಬಾರಿ ಮಾತ್ರ, ಉಳಿದ ಸಿ.ಡಿ.ಗಳನ್ನು ಯಾರಿಗೂ ಕೊಟ್ಟಿಲ್ಲ.