ಬೈಕ್ ಕಲಿಯಿರಿ, ಸ್ವಲ್ಪ ತಡೆದು

ತೂಕ ಇಳಿಸೋ ಆಪರೇಷನ್ ಆಗಿದೆ, 30 ಕೆ.ಜಿ. ಕರಗಿದೆ. ‘ನನ್ನ ಭಾರ ಗಾಡಿ ತಡೆಯುತ್ತಾ’ ಎಂದು ಯಜಮಾನರ ಹಿಂದೆ ಕೂರಲೂ ಅಂಜುತ್ತಿದ್ದ ನೀವು ಈಗ ಬೈಕನ್ನೇ ಕಲೀಬೇಕು ಅಂತಿದ್ದೀರಾ? ಭೇಷ್! ಆದರೆ ಮೊದಲು ಡಾಕ್ಟರ್ ಹ್ಞೂಂ ಅನ್ನಲಿ. ಆಪರೇಷನ್ ಆದ ಮೇಲೆ ಕೆಲವು ವಾರ ಭಾರ ಎತ್ತುವಂತಿಲ್ಲ. ಸ್ಪ್ಲೆಂಡರ್‌ನಂಥ ಹಗುರ ಬೈಕೇ ಸುಮಾರು 112 ಕೆ.ಜಿ. ಅದನ್ನು ಸೆಂಟರ್ ಸ್ಟ್ಯಾಂಡಿಗೆ ಎಳೆದರೆ ಹೊಟ್ಟೆಯ ಗಾಯದ ಮೇಲೆ ಒತ್ತಡ ಬಿದ್ದು ಹರ್ನಿಯಾ ಆದೀತು. ಸೈಡ್ ಸ್ಟ್ಯಾಂಡೇ ಸಾಕು.

ನಿಜವಾದ ಅಪಾಯ ತಲೆಸುತ್ತು. ಪುಟ್ಟದಾದ ಹೊಟ್ಟೆಗೆ ಗಟಗಟ ನೀರು ಇಳಿಯದು, ಮೈಯಲ್ಲಿ ನೀರಿನಂಶ ಬೇಗ ಕಡಿಮೆಯಾಗುತ್ತೆ. ಸಿಹಿ ತಿಂದರೆ ಕೆಲವರಿಗೆ ಬೆವರು, ಎದೆ ಡವಡವ, ಒಂದೆರಡು ಗಂಟೆ ಬಿಟ್ಟು ಕಣ್ಣು ಕತ್ತಲೆ. ಮೈಸೂರುಪಾಕ್ ತಿಂದು ಕಾರ್ಡ್ ರೋಡಿಗೆ ಇಳಿಯಬೇಡಿ! ಬಿ.ಪಿ., ಶುಗರ್ ಮಾತ್ರೆ ಹಳೇ ಡೋಸಿನಲ್ಲೇ ನಡೆದಿದ್ದರೆ ಡಾಕ್ಟರಿಗೆ ಹೇಳಿ. ಪಾದ ಜುಮ್ಮೆನ್ನುತ್ತಿದ್ದರೆ ವಿಟಮಿನ್ ಬಿ-12 ಕೊರತೆ ಇರಬಹುದು, ರಕ್ತ ಪರೀಕ್ಷೆ ಮಾಡಿಸಿ. ಗೇರು, ಬ್ರೇಕು ಎರಡೂ ಕಾಲಿನ ಕೆಲಸ ತಾನೇ?

ಹಳೇ ಹೆಲ್ಮೆಟ್ ಹಾಕಿಕೊಂಡು ತಲೆ ಅಲ್ಲಾಡಿಸಿ ನೋಡಿ. ಕೆನ್ನೆ ಇಳಿದಿದ್ದರೆ ಅದೂ ಸಡಿಲವಾಗಿರುತ್ತೆ. ಐಎಸ್‌ಐ ಗುರುತಿನ ಹೊಸದು ಕೊಳ್ಳಿ.

ಎಲ್‌ಎಲ್ ಆರು ತಿಂಗಳು ಇರುತ್ತೆ, 30 ದಿನ ಕಳೆದ ಮೇಲಷ್ಟೇ ಟೆಸ್ಟ್. ಅವಸರ ಯಾಕೆ? ಭಾನುವಾರ ಬೆಳಬೆಳಿಗ್ಗೆ ಕೆಂಗೇರಿ ಉಪನಗರದ ಯಾವುದಾದರೂ ಒಳರಸ್ತೆ ಹಿಡಿಯಿರಿ. ಕಲಿಸೋಕೆ ಲೈಸೆನ್ಸ್ ಇರೋ ಗೆಳತಿಯೇ ವಾಸಿ. ಯಜಮಾನರು ಹಿಂದೆ ಕೂತು ಕೂಗಾಡೋದು ನಿಮಗೂ ಗೊತ್ತು! ಮೊದಲ ದಿನ ಫಸ್ಟ್ ಗೇರಿನಲ್ಲಿ ಹತ್ತು ನಿಮಿಷ ಸಾಕು.