ನುನಾವಿಕ್: ರಸ್ತೆಯಿಲ್ಲದ ನಾಡಿನ ಸ್ವಯಂ ಆಡಳಿತ

ಕೆನಡಾದ ಕ್ಯುಬೆಕ್ ಪ್ರಾಂತದಲ್ಲಿ 55ನೇ ಅಕ್ಷಾಂಶಕ್ಕೆ ಉತ್ತರದಲ್ಲಿರುವ ಸೀಮೆಗೆ ನುನಾವಿಕ್ ಎಂದು ಹೆಸರು. ಇಡೀ ಪ್ರಾಂತದ ಸುಮಾರು ಮೂರನೇ ಒಂದು ಪಾಲು ಇದೇ ಆಗಿದೆ. ಕರ್ನಾಟಕದಷ್ಟು ದೊಡ್ಡ ಎರಡು ರಾಜ್ಯಗಳು ಇದರಲ್ಲಿ ಹಿಡಿಸುತ್ತವೆ. ಇಷ್ಟು ವಿಶಾಲ ನೆಲದಲ್ಲಿ ವಾಸಿಸುವವರು ಮಾತ್ರ ಸುಮಾರು 14,000 ಜನ. ಅವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಇನುಯಿಟ್ ಮೂಲನಿವಾಸಿಗಳು. ಹಡ್ಸನ್ ಕೊಲ್ಲಿ, ಹಡ್ಸನ್ ಜಲಸಂಧಿ ಮತ್ತು ಉಂಗಾವಾ ಕೊಲ್ಲಿಯ ದಡದುದ್ದಕ್ಕೂ ಅವರ 14 ಊರುಗಳಿವೆ. ಒಂದೂರಿನಿಂದ ಇನ್ನೊಂದೂರಿಗೆ ರಸ್ತೆಯಿಲ್ಲ, ದಕ್ಷಿಣದ ನಗರಗಳಿಗೂ ಇಲ್ಲ. ಜನ, ಔಷಧ, ಹಾಲು, ತರಕಾರಿ ಎಲ್ಲವೂ ವಿಮಾನದಲ್ಲಿ ಬರಬೇಕು. ಸಿಮೆಂಟು, ಮರ, ಡೀಸೆಲ್‌ನಂಥ ಭಾರದ ಸರಕು ಸಮುದ್ರದ ಮಂಜುಗಡ್ಡೆ ಕರಗಿದ ಬೇಸಿಗೆಯ ಕೆಲವೇ ತಿಂಗಳಲ್ಲಿ ಹಡಗಿನ ಮೂಲಕ ತಲುಪಬೇಕು. ಹಡಗಿಗೆ ಹೇರಲು ಮರೆತ ಕಿಟಕಿಯ ಚೌಕಟ್ಟು ಸಿಗಬೇಕಾದರೆ ಮುಂದಿನ ವರ್ಷದವರೆಗೆ ಕಾಯಬೇಕಾಗಬಹುದು.

ಈ ನೆಲವನ್ನು ಕ್ಯುಬೆಕ್‌ಗೆ ಸೇರಿಸಿದ್ದು 1912ರಲ್ಲಿ. ಅಲ್ಲಿದ್ದವರನ್ನು ಯಾರೂ ಕೇಳಲಿಲ್ಲ. ನೆಲ ತನ್ನದೆಂದ ಪ್ರಾಂತ ಸರ್ಕಾರ ಅಲ್ಲಿನ ಜನರ ಹೊಣೆಯನ್ನು ಹೊರಲು ಮಾತ್ರ ಒಪ್ಪಲಿಲ್ಲ. ಹಸಿವಿನ ಕಾಲದಲ್ಲಿ ಇನುಯಿಟ್ ಕುಟುಂಬಗಳಿಗೆ ಕೊಟ್ಟ ನೆರವಿನ ಖರ್ಚು ಯಾರದು ಎಂಬ ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅವರು ಕೇಂದ್ರ ಸರ್ಕಾರದ ಹೊಣೆಗೆ ಸೇರಿದವರು ಎಂದು 1939ರಲ್ಲಿ ತೀರ್ಪು ಬಂತು. ಆ ಹೊಣೆ ಹೊತ್ತ ಕೇಂದ್ರವೇ 1953 ಮತ್ತು 1955ರಲ್ಲಿ ಇನುಕ್‌ಜುವಾಕ್ ಊರಿನ ಕುಟುಂಬಗಳನ್ನು ಸುಮಾರು 2,000 ಕಿಲೋಮೀಟರ್ ದೂರದ ಧ್ರುವ ದ್ವೀಪಗಳಿಗೆ ಸಾಗಿಸಿತು. ಚಳಿಗಾಲದಲ್ಲಿ ತಿಂಗಳುಗಟ್ಟಲೆ ಸೂರ್ಯನೇ ಕಾಣದ ಜಾಗವದು. ಆ ಅನ್ಯಾಯಕ್ಕೆ ಸರ್ಕಾರ ಕ್ಷಮೆ ಕೇಳಿದ್ದು 2010ರಲ್ಲಿ. ತಮ್ಮ ಬದುಕಿನ ತೀರ್ಮಾನವನ್ನು ದೂರದ ಕಚೇರಿಯಲ್ಲಿ ಇನ್ಯಾರೋ ಮಾಡುವುದು ಎಂದರೇನು ಎಂಬುದನ್ನು ನುನಾವಿಕ್‌ನ ಹಿರಿಯರು ಹೀಗೆ ಉಂಡು ಅರಿತವರು. ಸ್ವಯಂ ಆಡಳಿತದ ಬೇಡಿಕೆಯ ಬೇರು ಇರುವುದು ಇಲ್ಲಿ.

ಮೊದಲ ಹೆಜ್ಜೆ ಸಹಕಾರ ಸಂಘಗಳ ರೂಪದಲ್ಲಿ ಬಂತು. ಈಗ ಕಾಂಗಿಕ್‌ಸುವಾಲುಜುವಾಕ್ ಎಂದು ಕರೆಯುವ ಊರಿನಲ್ಲಿ 1959ರಲ್ಲಿ ಮೀನು ಮಾರಾಟಕ್ಕೆಂದು ಸಂಘ ಕಟ್ಟಿಕೊಂಡರು. ಬೇರೆ ಊರುಗಳೂ ಅದೇ ದಾರಿ ಹಿಡಿದವು. ಕಲ್ಲಿನ ಕೆತ್ತನೆಗಳ ಮಾರಾಟ, ಅಂಗಡಿ, ಲೆಕ್ಕಪತ್ರ, ಸಭೆ ಎಲ್ಲವನ್ನೂ ಸ್ಥಳೀಯರೇ ನಡೆಸಿದರು. ಮುಂದೆ ಸರ್ಕಾರದ ಜೊತೆ ಮಾತುಕತೆಗೆ ಕೂರಬೇಕಾದಾಗ ಈ ಅನುಭವ ಕೈಹಿಡಿಯಿತು.

ಆ ಸಂದರ್ಭ ಬೇಗನೆ ಒದಗಿತು. ಜೇಮ್ಸ್ ಕೊಲ್ಲಿಗೆ ಹರಿಯುವ ನದಿಗಳಿಗೆ ಅಣೆಕಟ್ಟು ಕಟ್ಟಿ ವಿದ್ಯುತ್ ತೆಗೆಯುವ ಬೃಹತ್ ಯೋಜನೆಯನ್ನು ಕ್ಯುಬೆಕ್ ಪ್ರಧಾನಿ ರಾಬರ್ಟ್ ಬುರಾಸಾ 1971ರಲ್ಲಿ ಘೋಷಿಸಿದರು. ಆ ನದಿಗಳನ್ನು ನಂಬಿ ಬದುಕುವ ಕ್ರೀ ಮೂಲನಿವಾಸಿಗಳಿಗೂ ಇನುಯಿಟರಿಗೂ ಒಂದು ಮಾತು ತಿಳಿಸಿರಲಿಲ್ಲ. ಇಬ್ಬರೂ ಸೇರಿ ನ್ಯಾಯಾಲಯದ ಮೆಟ್ಟಿಲೇರಿದರು. 1973ರ ನವೆಂಬರ್‌ನಲ್ಲಿ ನ್ಯಾಯಾಧೀಶ ಆಲ್ಬರ್ಟ್ ಮಲೂಫ್ ಕಾಮಗಾರಿಗೆ ತಡೆಯಾಜ್ಞೆ ಕೊಟ್ಟರು. ಒಂದೇ ವಾರದಲ್ಲಿ ಮೇಲಿನ ನ್ಯಾಯಾಲಯ ಅದನ್ನು ಬದಿಗಿಟ್ಟಿತು. ಆದರೂ ಮೂಲನಿವಾಸಿಗಳ ಹಕ್ಕನ್ನು ಕಡೆಗಣಿಸಿ ಮುಂದೆ ಹೋಗಲಾಗದು ಎಂಬುದು ಸರ್ಕಾರಕ್ಕೆ ಮನವರಿಕೆಯಾಗಿತ್ತು. 1975ರ ನವೆಂಬರ್ 11ರಂದು ಜೇಮ್ಸ್ ಕೊಲ್ಲಿ ಮತ್ತು ಉತ್ತರ ಕ್ಯುಬೆಕ್ ಒಪ್ಪಂದಕ್ಕೆ ಸಹಿ ಬಿತ್ತು. ಕ್ರೀ ಮತ್ತು ಇನುಯಿಟರಿಗೆ ಒಟ್ಟು 22.5 ಕೋಟಿ ಡಾಲರ್ ಪರಿಹಾರ, ಬೇಟೆಯ ಹಕ್ಕು, ತಮ್ಮದೇ ಶಾಲಾ ಮಂಡಳಿ, ಆರೋಗ್ಯ ಮಂಡಳಿ, ಪ್ರಾದೇಶಿಕ ಸರ್ಕಾರ ಇವೆಲ್ಲ ಅದರಲ್ಲಿದ್ದವು. ಬದಲಿಗೆ ವಿಶಾಲವಾದ ನೆಲದ ಮೇಲಿನ ಮೂಲ ಹಕ್ಕನ್ನು ಬಿಟ್ಟುಕೊಡಬೇಕಿತ್ತು. ಪುವಿರ್ನಿಟುಕ್ ಮತ್ತು ಇವುಜಿವಿಕ್ ಊರಿನವರು, ಸಾಲುಯಿಟ್‌ನಲ್ಲಿ ಕೆಲವರು ಇದಕ್ಕೆ ಒಪ್ಪಲೇ ಇಲ್ಲ. ಅವರ ಹಟದಲ್ಲಿ ನ್ಯಾಯವಿತ್ತು. ಶಾಲೆ, ಆಸ್ಪತ್ರೆಗಳು ದೇಶದ ಉಳಿದ ಪ್ರಜೆಗಳಿಗೆ ಸಹಜವಾಗಿ ದೊರೆಯುವಂಥವು. ಅವುಗಳಿಗಾಗಿ ಇವರು ಮಾತ್ರ ನೆಲದ ಹಕ್ಕನ್ನು ತೆರಬೇಕಾಯಿತು.

ಒಪ್ಪಂದದಿಂದ ಹುಟ್ಟಿದ ವ್ಯವಸ್ಥೆ ಮೊದಲ ನೋಟಕ್ಕೆ ತೊಡಕಿನದು. ಪರಿಹಾರದ ಹಣವನ್ನು ನೋಡಿಕೊಂಡು ಇನುಯಿಟರ ಪರವಾಗಿ ಮಾತಾಡುವುದು ಮಾಕಿವಿಕ್ ಎಂಬ ಸಂಸ್ಥೆ. ಏರ್ ಇನುಯಿಟ್ ವಿಮಾನ ಕಂಪನಿ ಇದರದ್ದೇ. ಊರಿನ ಸುತ್ತಲಿನ ನೆಲದ ಒಡೆತನ ಇನುಯಿಟರೇ ಸದಸ್ಯರಾಗಿರುವ ಭೂ ನಿಗಮಗಳದ್ದು. ಆದರೆ 1978ರಲ್ಲಿ ಶುರುವಾದ ಕಾಟಿವಿಕ್ ಪ್ರಾದೇಶಿಕ ಸರ್ಕಾರ ಮತ್ತು ಊರಿನ ಪುರಸಭೆಗಳು ಅಲ್ಲಿ ವಾಸಿಸುವ ಎಲ್ಲರಿಗೂ ಸೇರಿದವು. ಅಲ್ಲಿ ನೆಲೆಸಿದ ಬಿಳಿಯ ಶಿಕ್ಷಕನೂ ಮತ ಹಾಕಬಹುದು. 14 ಊರುಗಳ ಪ್ರತಿನಿಧಿಗಳ ಜೊತೆ ನೆರೆಯ ನಾಸ್ಕಾಪಿ ಸಮುದಾಯದ ಮುಖ್ಯಸ್ಥರಿಗೂ ಕಾಟಿವಿಕ್ ಪರಿಷತ್ತಿನಲ್ಲಿ ಸ್ಥಾನವಿದೆ. ವಿಮಾನ ನಿಲ್ದಾಣ, ಪೊಲೀಸ್, ಶಿಶುವಿಹಾರ, ಕುಡಿಯುವ ನೀರಿನ ಪರೀಕ್ಷೆ, ಇಂಟರ್ನೆಟ್, ಉದ್ಯಾನಗಳು ಇದರ ಪಾಲಿಗೆ ಬಂದಿವೆ. ಶಿಕ್ಷಣ ಮತ್ತು ಆರೋಗ್ಯಕ್ಕೆ ಬೇರೆ ಬೇರೆ ಮಂಡಳಿಗಳಿವೆ.

ಇನುಯಿಟರಿಗೂ ಕ್ರೀ ಜನರಿಗೂ ಮಂಡಳಿಗಳು ಬೇರೆ ಬೇರೆಯಾಗಿರುವುದು ಕೂಜುವಾರಾಪಿಕ್ ಊರಿನಲ್ಲಿ ಕಣ್ಣಿಗೇ ಕಾಣುತ್ತದೆ. ಅದಕ್ಕೆ ಅಂಟಿಕೊಂಡೇ ಕ್ರೀ ಜನರ ವಾಪ್‌ಮಾಗೂಸ್ತುಯಿ ಇದೆ. ನೋಡುವವರಿಗೆ ಅದೊಂದೇ ಊರು. ಆದರೆ ಇನುಯಿಟ್ ಮಗುವಿನ ಶಾಲೆ, ಚಿಕಿತ್ಸಾಲಯ ಬೇರೆ. ಕ್ರೀ ಮಗುವಿನದ್ದು ಬೇರೆ.

ಬೇಟೆಯನ್ನೂ ಒಂದು ಸಾರ್ವಜನಿಕ ಸೇವೆಯೆಂದು ಬಗೆದಿರುವುದು ಇಲ್ಲಿನ ಆಡಳಿತದ ವಿಶೇಷ. ಬೇಟೆಗಾರರು ತಂದ ಕ್ಯಾರಿಬೂ ಮಾಂಸ, ಮೀನುಗಳನ್ನು ಪುರಸಭೆ ಹಣ ಕೊಟ್ಟು ಕೊಂಡು ಊರಿನ ಶೀತಲಗೃಹದಲ್ಲಿಡುತ್ತದೆ. ಬೇಟೆಗೆ ಹೋಗಲಾಗದ ಮುದುಕರು, ಬಡವರು ಅಲ್ಲಿಂದ ಪುಕ್ಕಟೆಯಾಗಿ ಒಯ್ಯುತ್ತಾರೆ. ವಿಮಾನದಲ್ಲಿ ಬಂದ ಆಹಾರದ ಬೆಲೆ ಕೈಗೆಟುಕದ ಕಡೆ ಇದಕ್ಕಿಂತ ಉಪಯುಕ್ತವಾದ ಪಡಿತರ ವ್ಯವಸ್ಥೆಯನ್ನು ಊಹಿಸುವುದು ಕಷ್ಟ.

ನೀರಿನ ಕಥೆ ಅಷ್ಟು ನೆಮ್ಮದಿಯದ್ದಲ್ಲ. ವರ್ಷವಿಡೀ ಹೆಪ್ಪುಗಟ್ಟಿರುವ ನೆಲದಲ್ಲಿ ಕೊಳಾಯಿ ಹೂಳುವುದು ಬಲು ಕಷ್ಟ. ಹಾಗಾಗಿ ಬಹುಪಾಲು ಮನೆಗಳಲ್ಲಿ ಎರಡು ಟ್ಯಾಂಕುಗಳು: ಒಂದು ಶುದ್ಧ ನೀರಿಗೆ, ಇನ್ನೊಂದು ಕೊಳಚೆಗೆ. ಒಂದು ಲಾರಿ ಬಂದು ನೀರು ತುಂಬಿಸುತ್ತದೆ, ಮತ್ತೊಂದು ಬಂದು ಕೊಳಚೆ ಎಳೆದುಕೊಂಡು ಹೋಗುತ್ತದೆ. ಹಿಮಗಾಳಿ ಬೀಸಿದ ದಿನ, ಲಾರಿ ಕೆಟ್ಟ ದಿನ, ಚಾಲಕ ಸಿಗದ ದಿನ ಮನೆ ಒಣಗುತ್ತದೆ. ವಸತಿಯ ಕೊರತೆಯಿಂದ ಒಂದೇ ಮನೆಯಲ್ಲಿ ಎರಡು ಮೂರು ಸಂಸಾರ ಇರುವಾಗ ಟ್ಯಾಂಕು ಬೇಗ ಬರಿದಾಗುತ್ತದೆ. ಕ್ಷಯರೋಗ ಇಲ್ಲಿ ಇನ್ನೂ ಬೇರುಬಿಟ್ಟಿರುವುದಕ್ಕೆ ಈ ಇಕ್ಕಟ್ಟಿನ ವಾಸವೂ ಒಂದು ಕಾರಣ. 2025ರ ವಸಂತದಲ್ಲಿ ಪುವಿರ್ನಿಟುಕ್‌ನಲ್ಲಿ ಲಾರಿಗಳಿಗೆ ನೀರು ಒದಗಿಸುವ ಪೈಪು ಹೆಪ್ಪುಗಟ್ಟಿ ಊರಿಗೆ ತುರ್ತುಸ್ಥಿತಿ ಘೋಷಿಸಬೇಕಾಯಿತು. ಜಗತ್ತಿನ ಸಿರಿವಂತ ದೇಶಗಳಲ್ಲಿ ಒಂದಾದ ಕೆನಡಾದಲ್ಲಿ ಇದು ನಡೆಯಿತು ಎಂಬುದು ನೋವಿನ ಸಂಗತಿ.

ಅದೇ ಪುವಿರ್ನಿಟುಕ್ ಇಡೀ ಜಗತ್ತಿಗೆ ಪಾಠವಾಗಬಲ್ಲ ಇನ್ನೊಂದು ಕೆಲಸವನ್ನು ಮಾಡಿದೆ. ಹಿಂದೆ ಬಸುರಿಯರನ್ನು ದಿನ ತುಂಬುವ ವಾರಗಳ ಮೊದಲೇ ವಿಮಾನ ಹತ್ತಿಸಿ ದಕ್ಷಿಣದ ಆಸ್ಪತ್ರೆಗೆ ಕಳಿಸುತ್ತಿದ್ದರು. ಗಂಡ, ತಾಯಿ, ಚಿಕ್ಕ ಮಕ್ಕಳು ಊರಲ್ಲೇ ಉಳಿಯುತ್ತಿದ್ದರು. ಅರ್ಥವಾಗದ ಭಾಷೆಯವರ ನಡುವೆ ಅವಳೊಬ್ಬಳೇ ಹೆರಬೇಕಿತ್ತು. ಊರಿನ ಹೆಂಗಸರು ಇದನ್ನು ವಿರೋಧಿಸಿದರು. 1986ರಲ್ಲಿ ಪುವಿರ್ನಿಟುಕ್‌ನ ಆಸ್ಪತ್ರೆಯಲ್ಲಿ ಹೆರಿಗೆ ಕೇಂದ್ರ ಶುರುವಾಯಿತು. ಊರಿನ ಇನುಯಿಟ್ ಹೆಣ್ಣುಮಕ್ಕಳನ್ನೇ ಆರಿಸಿ, ಕೆಲಸ ಮಾಡುತ್ತಲೇ ಕಲಿಯುವಂತೆ ಸೂಲಗಿತ್ತಿಯರಾಗಿ ತರಬೇತಿ ಕೊಟ್ಟರು. ಕ್ಯುಬೆಕ್‌ನ ಕಾನೂನು ಸೂಲಗಿತ್ತಿ ವೃತ್ತಿಗೆ ಮಾನ್ಯತೆ ಕೊಟ್ಟದ್ದು ಅದಾಗಿ 13 ವರ್ಷದ ಮೇಲೆ, 1999ರಲ್ಲಿ. ಪುವಿರ್ನಿಟುಕ್‌ನಲ್ಲಿ ಸಿಸೇರಿಯನ್ ಮಾಡುವ ಸೌಲಭ್ಯವಿಲ್ಲ. ಅದಕ್ಕೆ ವಿಮಾನದಲ್ಲಿ ಗಂಟೆಗಟ್ಟಲೆ ಹೋಗಬೇಕು. ಆದ್ದರಿಂದ ಪ್ರತಿ ಬಸುರಿಯ ವಿಷಯವನ್ನೂ ಸೂಲಗಿತ್ತಿಯರ ಮುಂದಾಳುತನದ ಸಮಿತಿ ಮೊದಲೇ ಕೂತು ಚರ್ಚಿಸಿ, ಊರಲ್ಲೇ ಹೆರಿಗೆಯೋ ದಕ್ಷಿಣಕ್ಕೆ ಕಳಿಸುವುದೋ ತೀರ್ಮಾನಿಸುತ್ತದೆ. ಹಡ್ಸನ್ ಕೊಲ್ಲಿಯ ದಡದ ಬಹುಪಾಲು ಹೆರಿಗೆಗಳು ಈಗ ನುನಾವಿಕ್‌ನಲ್ಲೇ, ಇನುಕ್ಟಿಟುಟ್ ಭಾಷೆಯ ಮಾತಿನ ನಡುವೆ ಆಗುತ್ತವೆ. ಇನುಕ್‌ಜುವಾಕ್ ಮತ್ತು ಸಾಲುಯಿಟ್‌ನಲ್ಲೂ ಇಂಥ ಕೇಂದ್ರಗಳಿವೆ. ಸೇವೆ ಕೊಡುವವರೇ ಊರಿನವರಾದಾಗ ಸ್ವಯಂ ಆಡಳಿತ ಜನರ ಅನುಭವಕ್ಕೆ ಬರುತ್ತದೆ. ಕಚೇರಿಯ ಫಲಕ ಬದಲಾದ ಮಾತ್ರಕ್ಕೆ ಅದು ಆಗುವುದಿಲ್ಲ.

ಶಾಲೆಗಳಲ್ಲಿ ಆ ಮಟ್ಟ ತಲುಪಿಲ್ಲ. ಮೊದಲ ಕೆಲವು ವರ್ಷ ಪಾಠ ಇನುಕ್ಟಿಟುಟ್‌ನಲ್ಲಿ ನಡೆಯುತ್ತದೆ. ಆಮೇಲೆ ಇಂಗ್ಲಿಷ್ ಅಥವಾ ಫ್ರೆಂಚ್ ಆರಿಸಿಕೊಳ್ಳಬೇಕು. ಮೇಲಿನ ತರಗತಿಗಳ ಶಿಕ್ಷಕರಲ್ಲಿ ಹೆಚ್ಚಿನವರು ದಕ್ಷಿಣದಿಂದ ಬಂದು ಹೋಗುವವರು. ಚಿಕಿತ್ಸೆಯಲ್ಲೂ ಕೊರತೆಯಿದೆ: ದೊಡ್ಡ ಕಾಯಿಲೆಗೆ ದಕ್ಷಿಣದ ಮಾಂಟ್ರಿಯಲ್‌ಗೇ ಹೋಗಬೇಕು. ತುರ್ತು ವಿಮಾನದಲ್ಲಿ ಮಗುವಿನ ಜೊತೆ ಹೆತ್ತವರನ್ನು ಕೂರಿಸಿಕೊಳ್ಳಲು ಸರ್ಕಾರ ಒಪ್ಪಿದ್ದೇ 2018ರಲ್ಲಿ.

ವಿದ್ಯುತ್ತಿನ ವಿಷಯದಲ್ಲಿ ಅನ್ಯಾಯ ಎದ್ದು ಕಾಣುತ್ತದೆ. ಉತ್ತರದ ನದಿಗಳ ಕರೆಂಟು ದಕ್ಷಿಣದ ನಗರಗಳಿಗೆ ಹರಿಯಿತು, ನುನಾವಿಕ್‌ನ ಊರುಗಳು ಮಾತ್ರ ಡೀಸೆಲ್ ಜನರೇಟರ್ ನಂಬಿಕೊಂಡೇ ಉಳಿದವು. ಇದರಿಂದ ಮೊದಲು ಹೊರಬಂದದ್ದು ಇನುಕ್‌ಜುವಾಕ್. ಅಲ್ಲಿನ ಭೂ ನಿಗಮ ಖಾಸಗಿ ಕಂಪನಿಯೊಂದರ ಜೊತೆ ಸೇರಿ ಕಟ್ಟಿದ 7.5 ಮೆಗಾವಾಟ್ ಜಲವಿದ್ಯುತ್ ಘಟಕ 2023ರಲ್ಲಿ ಕೆಲಸ ಆರಂಭಿಸಿತು.

ಇಷ್ಟೆಲ್ಲ ನಡೆದರೂ ಕಾನೂನು ಮಾಡುವ ಅಧಿಕಾರ ಕ್ಯುಬೆಕ್ ಮತ್ತು ಕೇಂದ್ರದ ಬಳಿಯೇ ಉಳಿದಿದೆ. ಹಣವೂ ಬಹುಮಟ್ಟಿಗೆ ಅಲ್ಲಿಂದಲೇ ಬರಬೇಕು. ಒಂದೊಂದು ಇಲಾಖೆಯಿಂದ ಬಿಡಿಬಿಡಿಯಾಗಿ ಬರುತ್ತಿದ್ದ ಅನುದಾನಗಳನ್ನು ಒಗ್ಗೂಡಿಸಿದ 2004ರ ಒಪ್ಪಂದದಿಂದ ಕಾಟಿವಿಕ್‌ಗೆ ಖರ್ಚಿನಲ್ಲಿ ಸ್ವಲ್ಪ ಸ್ವಾತಂತ್ರ್ಯ ಸಿಕ್ಕಿತು. ಮುಂದಿನ ಹೆಜ್ಜೆಯಾಗಿ ಕಾಟಿವಿಕ್, ಶಾಲಾ ಮಂಡಳಿ, ಆರೋಗ್ಯ ಮಂಡಳಿ ಮೂರನ್ನೂ ಸೇರಿಸಿ ಚುನಾಯಿತ ಸಭೆಯಿರುವ ಒಂದೇ ಸರ್ಕಾರ ಮಾಡುವ ಯೋಜನೆ ಸಿದ್ಧವಾಯಿತು. 2011ರ ಏಪ್ರಿಲ್‌ನಲ್ಲಿ ಅದನ್ನು ಜನಮತಕ್ಕೆ ಇಟ್ಟಾಗ ಮೂರರಲ್ಲಿ ಎರಡು ಪಾಲು ಮತದಾರರು ಬೇಡ ಎಂದರು. ಭಾಷೆ ಮತ್ತು ಸಂಸ್ಕೃತಿಯ ರಕ್ಷಣೆಗೆ ಅದರಲ್ಲಿ ಗಟ್ಟಿಯಾದ ಅಧಿಕಾರವಿಲ್ಲ, ಇರುವ ಕಚೇರಿಗಳನ್ನು ಒಂದು ಸೂರಿನಡಿ ತರುವುದಷ್ಟೇ ಇದೆ ಎಂಬುದು ಅವರ ಆಕ್ಷೇಪವಾಗಿತ್ತು.

2019ರಲ್ಲಿ ಮಾಕಿವಿಕ್ ಮತ್ತು ಕೇಂದ್ರ ಸರ್ಕಾರ ಹೊಸ ಮಾತುಕತೆಗೆ ಒಪ್ಪಂದ ಮಾಡಿಕೊಂಡವು. ಈ ಬಾರಿ ಚರ್ಚೆ ನಿಂತಿರುವುದು ಇನುಯಿಟರ ಮೌಲ್ಯ, ರೂಢಿಗಳ ಮೇಲೆ ಕಟ್ಟಿದ ಇನುಯಿಟ್ ಸರ್ಕಾರದ ಕಲ್ಪನೆಯ ಮೇಲೆ. ಅಂಥ ಸರ್ಕಾರ ಬಂದರೆ ಅಲ್ಲಿ ನೆಲೆಸಿರುವ ಇತರರ ಮತದ ಹಕ್ಕು ಏನಾಗುತ್ತದೆ, ಎಲ್ಲರಿಗೂ ಸೇರಿದ ಶಾಲೆ ಆಸ್ಪತ್ರೆಗಳನ್ನು ಯಾರು ನಡೆಸುತ್ತಾರೆ, ಕ್ಯುಬೆಕ್ ಎಷ್ಟು ಅಧಿಕಾರ ಬಿಟ್ಟುಕೊಡುತ್ತದೆ ಎಂಬ ಪ್ರಶ್ನೆಗಳನ್ನು ಆ ಮಾತುಕತೆಯೇ ಬಗೆಹರಿಸಬೇಕಾಗಿದೆ.